ಕ್ಲಿನಿಕ್ ನಡೆಸುವ ದಂತವೈದ್ಯರಿಗೆ ವ್ಯವಹಾರದ ಪಾಠ: ಚೇರ್ ಗಂಟೆಯ ಲೆಕ್ಕದಿಂದ ಶುರು ಮಾಡಿ

ಸ್ವಂತ ಕ್ಲಿನಿಕ್ ತೆರೆದು ಎರಡನೇ ವರ್ಷ. ತಿಂಗಳ ಕೊನೆಯ ರಾತ್ರಿ, ಕೊನೆಯ ಪೇಷಂಟ್ ಹೋದ ಮೇಲೆ, ರಿಸೆಪ್ಷನ್ ಮೇಜಿನಲ್ಲಿ ಕೂತು ಸಂಬಳದ ಲೆಕ್ಕ ಹಾಕುತ್ತಿದ್ದೆ. ಆ ತಿಂಗಳು ಉಸಿರಾಡಲು ಪುರುಸೊತ್ತು ಇರಲಿಲ್ಲ. ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ಖಾಲಿ ಸಾಲೇ ಕಾಣುತ್ತಿರಲಿಲ್ಲ. ಬಾಡಿಗೆ ಹೋಯಿತು, ಕೃತಕ ಹಲ್ಲು ಮಾಡಿಕೊಡುವ ಲ್ಯಾಬ್‌ನ ಬಿಲ್ ಹೋಯಿತು, ಡೀಲರ್ ಬಾಕಿ ಹೋಯಿತು, ಚೇರ್ ಸಾಲದ ಕಂತೂ ಹೋಯಿತು. ಕೊನೆಗೆ ನನ್ನ ಪಾಲಿಗೆ ಉಳಿದದ್ದು ನನ್ನ ಅಸಿಸ್ಟೆಂಟ್ ಸಂಬಳಕ್ಕಿಂತ ಕಮ್ಮಿ. ಎಲ್ಲಿ ಸೋರಿತು ಅಂತ ಮೂರು ಸಲ ಕೂಡಿ ಕಳೆದು ನೋಡಿದೆ. ಗೊತ್ತಾಗಲಿಲ್ಲ. ಗೊತ್ತಾಗಲು ಬೇಕಾದ ಲೆಕ್ಕವನ್ನೇ ನಾನು ಬರೆದಿಟ್ಟಿರಲಿಲ್ಲ.

ಜಗತ್ತಿನ ಮೊದಲ ದಂತವೈದ್ಯಕೀಯ ಕಾಲೇಜು ಶುರುವಾಗಿದ್ದು 1840ರಲ್ಲಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಜಮಾ ಮತ್ತು ಖರ್ಚನ್ನು ಜೋಡಿಯಾಗಿ ಬರೆಯುವ ಪದ್ಧತಿಯನ್ನು ಇಟಲಿಯ ಗಣಿತಜ್ಞ ಲೂಕಾ ಪಚೋಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ್ದು 1494ರಲ್ಲಿ. ಅಂದರೆ ನಮ್ಮ ಮೊದಲ ಕಾಲೇಜು ಬಾಗಿಲು ತೆರೆಯುವ ಹೊತ್ತಿಗೆ ಲೆಕ್ಕದ ವಿದ್ಯೆಗೆ ಮುನ್ನೂರು ವರ್ಷ ದಾಟಿತ್ತು. ಆದರೂ ನಮ್ಮಲ್ಲಿ ಜಾಸ್ತಿ ಜನ ಹಲ್ಲು ಕಲಿತೇ ಹೊರಗೆ ಬಂದವರು, ಲೆಕ್ಕವನ್ನು ಏಟು ತಿಂದು ಕಲಿತವರು.

ಮುಂದಿನದ್ದೆಲ್ಲ ಒಂದೇ ಮಾತಿನ ಮೇಲೆ ನಿಂತಿದೆ. ನಾವು ಮಾರುವುದು ಫಿಲ್ಲಿಂಗ್ ಅಲ್ಲ, ಹಲ್ಲಿಗೆ ತೊಡಿಸುವ ಕವಚವಾದ ಕ್ರೌನ್ ಅಲ್ಲ, ಚೇರ್ ಮೇಲಿನ ಸಮಯ. ಆ ಸಮಯದ ಬೆಲೆ ಗೊತ್ತಿದ್ದರೆ ಫೀಸು, ಮೆಷಿನ್, ಸಂಬಳ, ರಿಯಾಯಿತಿ ಎಲ್ಲದಕ್ಕೂ ಉತ್ತರ ಸಿಗುತ್ತದೆ. "ನಾವು ಡಾಕ್ಟರು, ವ್ಯಾಪಾರಿಗಳಲ್ಲ" ಅನ್ನುವವರಿಗೆ ಒಂದು ಮಾತು. ತಿಂಗಳ ಕೊನೆಗೆ ಕಂತು ಕಟ್ಟಲು ದುಡ್ಡಿಲ್ಲದೆ ಒದ್ದಾಡುವವನಿಗೇ ಸಣ್ಣ ಕ್ಯಾವಿಟಿ ದೊಡ್ಡದಾಗಿ ಕಾಣುವುದು. ಲೆಕ್ಕ ಸರಿಯಾಗಿದ್ದವನು "ಇದಕ್ಕೆ ಈಗ ಏನೂ ಬೇಡ, ಆರು ತಿಂಗಳು ಬಿಟ್ಟು ನೋಡೋಣ" ಅಂತ ನೆಮ್ಮದಿಯಾಗಿ ಹೇಳಬಲ್ಲ.

ಹೆಜ್ಜೆ 1: ಜೇಬು ಬೇರೆ, ಕ್ಲಿನಿಕ್ ಬೇರೆ

ಇದು ಬೇಗ ಮುಗಿಯುವ ಕೆಲಸ. ಕ್ಲಿನಿಕ್‌ಗೆ ಬೇರೆ ಬ್ಯಾಂಕ್ ಖಾತೆ ಮಾಡಿ. ಬಂದ ದುಡ್ಡೆಲ್ಲ ಅಲ್ಲಿಗೇ ಬೀಳಲಿ. ಡ್ರಾಯರಿನಿಂದ ನೋಟು ತೆಗೆದು ಮನೆ ಖರ್ಚಿಗೆ ಕೊಡುವುದನ್ನು ಇವತ್ತೇ ನಿಲ್ಲಿಸಿ. ತೆರಿಗೆಗೆ ಇನ್ನೊಂದು ಖಾತೆ ಇರಲಿ, ಪ್ರತಿ ವಾರ ಬಂದದ್ದರಲ್ಲಿ ಒಂದು ಪಾಲು ಅಲ್ಲಿಗೆ ಹೋಗಲಿ. ಆ ದುಡ್ಡು ಯಾವತ್ತೂ ನಮ್ಮದಲ್ಲ, ಸುಮ್ನೆ ನಮ್ಮ ಹತ್ತಿರ ಕೂತಿರುತ್ತದೆ ಅಷ್ಟೇ.

ನಿಮಗೆ ನೀವೇ ಸಂಬಳ ಗೊತ್ತು ಮಾಡಿಕೊಳ್ಳಿ. ಇದನ್ನು ಯಾರೂ ಮಾಡುವುದಿಲ್ಲ. "ಉಳಿದದ್ದೆಲ್ಲ ನಂದೇ ಅಲ್ವಾ" ಅನ್ನುತ್ತಾರೆ. ಅಲ್ಲ. ಇದೇ ಕೆಲಸವನ್ನು ಬೇರೆಯವರ ಕ್ಲಿನಿಕ್‌ನಲ್ಲಿ ಮಾಡಿದ್ದರೆ ನಿಮಗೆ ಎಷ್ಟು ಸಿಗುತ್ತಿತ್ತೋ ಅದು ನಿಮ್ಮ ದುಡಿಮೆಯ ಕೂಲಿ. ಅದನ್ನು ಕಳೆದ ಮೇಲೆ ಉಳಿದರೆ ಅದು ಲಾಭ. ಏನೂ ಉಳಿಯದಿದ್ದರೆ ನೀವು ಮಾಲೀಕರಲ್ಲ, ತಲೆನೋವು ಜಾಸ್ತಿ ಇರುವ ನೌಕರ.

ಹೆಜ್ಜೆ 2: ಎರಡು ವಾರ ಗಡಿಯಾರ ನೋಡಿ

ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ಚೇರ್ ಪಕ್ಕ ನೇತುಹಾಕಿ. ಪ್ರತಿ ಪೇಷಂಟ್‌ಗೂ ಮೂರು ಸಮಯ ಬರೆಯಲು ಅಸಿಸ್ಟೆಂಟ್‌ಗೆ ಹೇಳಿ. ಪೇಷಂಟ್ ಕೂತದ್ದು, ಎದ್ದದ್ದು, ಮುಂದಿನವರಿಗೆ ಚೇರ್ ರೆಡಿಯಾದದ್ದು. ಪಕ್ಕದಲ್ಲಿ ಏನು ಕೆಲಸ ಮಾಡಿದೆವು ಅಂತ ಒಂದು ಪದ. ಇಷ್ಟೇ. ಸಾಫ್ಟ್‌ವೇರ್ ಬೇಕಿಲ್ಲ.

ನಾನು ಇದನ್ನು ಮಾಡಿದಾಗ ಎದೆ ಧಸಕ್ ಅಂದಿತು. ದಿನಕ್ಕೆ ಎಂಟು ಗಂಟೆ ಕ್ಲಿನಿಕ್ ತೆರೆದಿರುತ್ತಿತ್ತು, ಪುಸ್ತಕ ತುಂಬಿರುತ್ತಿತ್ತು, ಆದರೆ ಚೇರ್ ಒರೆಸುವುದೂ ಸೇರಿ ಚೇರ್ ನಿಜವಾಗಿ ಕೆಲಸದಲ್ಲಿ ಇದ್ದದ್ದು ಸರಾಸರಿ ಐದು ಗಂಟೆ. ಉಳಿದ ಮೂರು ಗಂಟೆ ಎಲ್ಲಿ ಹೋಯಿತು? ತಡವಾಗಿ ಬಂದವರು, ಬರದೇ ಇದ್ದವರು, ಲ್ಯಾಬ್‌ನಿಂದ ಬಾರದ ಕ್ರೌನ್‌ಗಾಗಿ ಬಂದು ವಾಪಸ್ ಹೋದವರು. ಇದರ ಜೊತೆಗೆ ನಾನೇ ಡೀಲರ್ ಹತ್ತಿರ ನಿಂತು ಹರಟಿದ್ದು. ಇನ್ನೊಂದು ವಿಚಿತ್ರ ಸಿಕ್ಕಿತು. ಪ್ರತಿದಿನ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಇಪ್ಪತ್ತು ನಿಮಿಷದ ಖಾಲಿ ಜಾಗ. ಕೇಳಿದರೆ ಅಸಿಸ್ಟೆಂಟ್ ಹೇಳಿದ್ದು, "ಡಾಕ್ಟ್ರೇ, ಆ ಹೊತ್ತಿಗೆ ಹ್ಯಾಂಡ್‌ಪೀಸ್ ಎಲ್ಲಾ ಆಟೋಕ್ಲೇವ್‌ನಲ್ಲಿ ಇರುತ್ತಲ್ಲಾ." ಹೌದು. ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನು ಆಟೋಕ್ಲೇವ್‌ನ ಹಬೆಯಲ್ಲಿ ಕ್ರಿಮಿಮುಕ್ತ ಮಾಡಲು 134 ಡಿಗ್ರಿಯಲ್ಲಿ ಮೂರು ನಿಮಿಷ ಅಂತ ನಾವು ಪರೀಕ್ಷೆಗೆ ಬರೆದಿರುತ್ತೇವೆ. ಆದರೆ ಬಿಸಿಯಾಗುವುದು, ಒಣಗುವುದು, ತಣ್ಣಗಾಗುವುದು ಸೇರಿದರೆ ಒಂದು ಸುತ್ತಿಗೆ ಅರ್ಧ ಗಂಟೆಗೂ ಜಾಸ್ತಿ ಹಿಡಿಯುತ್ತದೆ. ಆಗ ನಾನು ಎರಡನೇ ಚೇರ್ ಕೊಳ್ಳುವ ಯೋಚನೆಯಲ್ಲಿದ್ದೆ. ಬೇಕಾಗಿದ್ದದ್ದು ಇನ್ನೆರಡು ಹ್ಯಾಂಡ್‌ಪೀಸ್.

ಎರಡು ವಾರ ಬರೆಯದೆ ಮುಂದಿನ ಹೆಜ್ಜೆಗೆ ಹೋಗಬೇಡಿ. ಊಹೆಯ ಮೇಲೆ ಹಾಕಿದ ಲೆಕ್ಕ ನಿಮ್ಮನ್ನು ಖುಷಿಪಡಿಸುತ್ತದೆ, ಅಷ್ಟೇ.

ಹೆಜ್ಜೆ 3: ಒಂದು ಚೇರ್ ಗಂಟೆಗೆ ಎಷ್ಟು?

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ಖರ್ಚನ್ನು ಎರಡು ರಾಶಿ ಮಾಡಿ. ಒಂದು, ಪೇಷಂಟ್ ಬರಲಿ ಬಿಡಲಿ ಆಗುವ ಖರ್ಚು: ಬಾಡಿಗೆ, ಸಂಬಳ, ನಿಮ್ಮ ಸಂಬಳ, ವಿಮೆ, ಮೆಷಿನ್ ರಿಪೇರಿ, ಸಾಲದ ಕಂತು. ಇದು ಸ್ಥಿರ ಖರ್ಚು. ಎರಡು, ಕೆಲಸ ಮಾಡಿದರೆ ಮಾತ್ರ ಆಗುವ ಖರ್ಚು: ಲ್ಯಾಬ್, ಹಲ್ಲಿನ ಬಣ್ಣದ ಫಿಲ್ಲಿಂಗ್ ಸಾಮಗ್ರಿಯಾದ ಕಾಂಪೋಸಿಟ್, ಬೇರಿನ ನಾಳ ಉಜ್ಜುವ ಫೈಲು, ಗ್ಲೌಸ್, ಅನಸ್ತೇಶಿಯಾ, ಹೊರಗಿನಿಂದ ಬರುವ ತಜ್ಞರ (ಕನ್ಸಲ್ಟೆಂಟ್) ಪಾಲು.

ಇಲ್ಲೊಂದು ಎಚ್ಚರಿಕೆ. ಮೆಷಿನ್ ಸವಕಳಿಯನ್ನೂ (ಬಳಸಿದಂತೆ ಇಳಿಯುವ ಅದರ ಬೆಲೆ) ಅದೇ ಮೆಷಿನ್‌ನ ಸಾಲದ ಅಸಲನ್ನೂ ಎರಡನ್ನೂ ಸೇರಿಸಿದರೆ ಒಂದೇ ಖರ್ಚನ್ನು ಎರಡು ಸಲ ಎಣಿಸಿದ ಹಾಗೆ. ತಿಂಗಳಿಗೆ ಕೈಯಿಂದ ಎಷ್ಟು ಹೋಗುತ್ತದೆ ಅಂತ ನೋಡುವಾಗ ಕಂತು ಹಿಡಿಯಿರಿ. ನಿಜವಾದ ಲಾಭ ಎಷ್ಟು ಅಂತ ನೋಡುವಾಗ ಸವಕಳಿ ಮತ್ತು ಬಡ್ಡಿ ಹಿಡಿಯಿರಿ. ಇದನ್ನು ನನ್ನ ತಲೆಗೆ ತುಂಬಲು ಅಕೌಂಟೆಂಟ್‌ಗೆ ಮೂರು ಭೇಟಿ ಬೇಕಾಯಿತು.

ಈಗ ಉದಾಹರಣೆ. ದುಡ್ಡನ್ನು ಸುಮ್ನೆ "ಯೂನಿಟ್" ಅನ್ನೋಣ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ತಿಂಗಳ ಸ್ಥಿರ ಖರ್ಚು 6000 ಯೂನಿಟ್ ಅಂದುಕೊಳ್ಳಿ. ದಿನಕ್ಕೆ 8 ಗಂಟೆ, 25 ದಿನ, ಒಟ್ಟು 200 ಗಂಟೆ. ಗಂಟೆಗೆ 30 ಯೂನಿಟ್ ಆಯಿತು. ಇದು ಕಾಗದದ ಲೆಕ್ಕ. ಆದರೆ ನೋಟ್‌ಬುಕ್ ಹೇಳಿದ್ದು ದಿನಕ್ಕೆ 5 ಗಂಟೆ ಅಂತ. ಅಂದರೆ 125 ಗಂಟೆ. 6000ವನ್ನು 125ರಿಂದ ಭಾಗಿಸಿದರೆ 48. ಚೇರ್ ಗಂಟೆಯ ನಿಜವಾದ ಖರ್ಚು ಅದು.

ಈಗ ಒಂದು ಆರ್‌ಸಿಟಿ, ಅಂದರೆ ಹಲ್ಲಿನ ಬೇರಿನ ನಾಳ ಶುಚಿ ಮಾಡಿ ತುಂಬುವ ರೂಟ್ ಕೆನಾಲ್ ಚಿಕಿತ್ಸೆ, ಮತ್ತು ಅದರ ಮೇಲಿನ ಕ್ರೌನ್ ತೆಗೆದುಕೊಳ್ಳಿ. ಮೊದಲ ಭೇಟಿ 60 ನಿಮಿಷ, ಎರಡನೆಯದು 45, ಕ್ರೌನ್‌ಗೆ ಹಲ್ಲು ತಯಾರು ಮಾಡಲು 60, ಕೂರಿಸಲು 30. ಒಟ್ಟು 195. ಪ್ರತಿ ಭೇಟಿಯ ಮೇಲೂ ಚೇರ್ ಒರೆಸಿ ಟ್ರೇ ಬದಲಿಸಲು 10 ನಿಮಿಷ ಅಂದರೆ ಇನ್ನು 40. ಒಟ್ಟು 235 ನಿಮಿಷ, ಹತ್ತಿರ ಹತ್ತಿರ ನಾಲ್ಕು ಗಂಟೆ. ಗಂಟೆಗೆ 48ರಂತೆ 188 ಯೂನಿಟ್. ಸಾಮಾನು 25, ಲ್ಯಾಬ್ 40. ಒಟ್ಟು ಖರ್ಚು 253. ನಿಮ್ಮ ಫೀಸು 250 ಇದ್ದರೆ, ಕ್ಲಿನಿಕ್‌ನ ಅತಿ ದೊಡ್ಡ ಕೆಲಸಗಳಲ್ಲಿ ಒಂದನ್ನು ಕೈಯಿಂದ ಮೂರು ಯೂನಿಟ್ ಹಾಕಿ ಮಾಡಿಕೊಟ್ಟಿರಿ.

ಅದೇ ಒಂದು ಸ್ಕೇಲಿಂಗ್, ಅಂದರೆ ಹಲ್ಲು ಕ್ಲೀನಿಂಗ್, ನೋಡಿ. ಕೆಲಸ 30 ನಿಮಿಷ, ಚೇರ್ ಸಿದ್ಧತೆ 10. ಚೇರ್ ಖರ್ಚು 32, ಸಾಮಾನು 3. ಒಟ್ಟು 35. ಫೀಸು 45 ಇದ್ದರೆ 10 ಯೂನಿಟ್ ಉಳಿಯಿತು. ನಾವು "ಅಯ್ಯೋ ಸ್ಕೇಲಿಂಗ್ ಅಷ್ಟೇನಾ" ಅಂತ ಮೂಗು ಮುರಿಯುವ ಕೆಲಸ.

ಇದರ ಅರ್ಥ ಆರ್‌ಸಿಟಿ ಬಿಟ್ಟು ಸ್ಕೇಲಿಂಗ್ ಮಾಡಿ ಅಂತಲ್ಲ. ಯಾರ ಬಾಯಿಗೆ ಏನು ಬೇಕೋ ಅದನ್ನೇ ಮಾಡಬೇಕು. ಲೆಕ್ಕ ಇರುವುದು ಕೆಲಸ ಮಾಡುವ ರೀತಿ ಸರಿ ಮಾಡಿಕೊಳ್ಳಲು. ಫೀಸಿನಿಂದ ಸಾಮಾನು ಮತ್ತು ಲ್ಯಾಬ್ ಖರ್ಚು ಕಳೆದು, ಹಿಡಿದ ಗಂಟೆಗಳಿಂದ ಭಾಗಿಸಿ. ಇದಕ್ಕೆ ನಾನು "ಗಂಟೆಯ ಉಳಿಕೆ" ಅನ್ನುತ್ತೇನೆ. ಮೇಲಿನ ಆರ್‌ಸಿಟಿಗೆ ಅದು ಸುಮಾರು 47, ಸ್ಕೇಲಿಂಗ್‌ಗೆ 63. ಈಗ ಅದೇ ಆರ್‌ಸಿಟಿಯಲ್ಲಿ, ಹಲ್ಲಿನ ಪರಿಸ್ಥಿತಿ ಒಪ್ಪಿದರೆ, ಕೆನಾಲ್ ತುಂಬಿದ ದಿನವೇ ಕ್ರೌನ್‌ಗೆ ಹಲ್ಲು ತಯಾರು ಮಾಡಿದರೆ ಒಂದು ಭೇಟಿ ಉಳಿಯುತ್ತದೆ. ಮತ್ತೆ ಇಂಜೆಕ್ಷನ್, ಮತ್ತೆ ಕಾಯುವುದು, ಮತ್ತೆ ಟ್ರೇ, ಎಲ್ಲ ತಪ್ಪುತ್ತದೆ. ಅರ್ಧ ಗಂಟೆ ಉಳಿಯಿತು ಅಂದುಕೊಂಡರೂ ಗಂಟೆಯ ಉಳಿಕೆ 54ಕ್ಕೆ ಏರುತ್ತದೆ. ಫೀಸು ಒಂದು ಯೂನಿಟ್ಟೂ ಏರಿಸಿಲ್ಲ, ಪೇಷಂಟ್‌ಗೂ ಒಂದು ಓಡಾಟ ಕಮ್ಮಿ.

ಕನಿಷ್ಠ ಎಷ್ಟು ದುಡಿಯಬೇಕು ಅನ್ನುವುದೂ ಇಲ್ಲೇ ಸಿಗುತ್ತದೆ. ನೂರು ಯೂನಿಟ್ ಫೀಸಿನಲ್ಲಿ 30 ಸಾಮಾನು ಮತ್ತು ಲ್ಯಾಬ್‌ಗೆ ಹೋದರೆ 70 ಉಳಿಯಿತು. 6000ವನ್ನು 0.70ರಿಂದ ಭಾಗಿಸಿ. 8571. ತಿಂಗಳಿಗೆ ಇಷ್ಟು ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 25 ದಿನಕ್ಕೆ ಹಂಚಿದರೆ ದಿನಕ್ಕೆ 343. ಈ ಒಂದು ಅಂಕಿ ಬಾಯಿಪಾಠ ಇರಲಿ. ಆದರೆ ದಯವಿಟ್ಟು ಇದನ್ನು ನಿಮ್ಮ ಕ್ಲಿನಿಕ್‌ನಲ್ಲಿ ಪಾಲಿನ ಮೇಲೆ ದುಡಿಯುವ ಅಸೋಸಿಯೇಟ್ ಡಾಕ್ಟರ್‌ಗಳಿಗೆ "ಟಾರ್ಗೆಟ್" ಅಂತ ಗೋಡೆ ಮೇಲೆ ಅಂಟಿಸಬೇಡಿ. "ತಿಂಗಳಿಗೆ ಇಷ್ಟು ಕ್ರೌನ್" ಅನ್ನುವ ಗುರಿ ಬಂದ ದಿನವೇ ಆ ಕ್ಲಿನಿಕ್‌ನಲ್ಲಿ ಚಿಕಿತ್ಸೆ ಕೆಡುತ್ತದೆ.

ಹೆಜ್ಜೆ 4: ಫೀಸು ಮತ್ತು ರಿಯಾಯಿತಿ

ಹೆಚ್ಚಿನವರು ಫೀಸು ಇಡುವುದು ಪಕ್ಕದ ಕ್ಲಿನಿಕ್ ನೋಡಿ. ಪಕ್ಕದವರು ಅವರ ಪಕ್ಕದವರನ್ನು ನೋಡಿ ಇಟ್ಟಿರುತ್ತಾರೆ. ಅವರ ಕಟ್ಟಡ ಸ್ವಂತದ್ದಿರಬಹುದು, ಸಾಲ ತೀರಿರಬಹುದು. ಅವರ ಫೀಸು ನಿಮಗೆ ಹೇಗೆ ಹೊಂದುತ್ತದೆ?

ರಿಯಾಯಿತಿ ಕೊಡುವ ಮೊದಲು ಈ ಲೆಕ್ಕ ಹಾಕಿ. ಫೀಸು 100, ಸಾಮಾನು ಖರ್ಚು 30, ಉಳಿಕೆ 70. ನೂರಕ್ಕೆ 20 ಬಿಟ್ಟರೆ ಫೀಸು 80 ಆಯಿತು. ಸಾಮಾನು ಖರ್ಚು ಇಳಿಯುವುದಿಲ್ಲ, ಆದ್ದರಿಂದ ಉಳಿಕೆ 50. ಮೊದಲಿನಷ್ಟೇ ದುಡ್ಡು ಉಳಿಯಬೇಕಾದರೆ ಕೆಲಸ ನೂರಕ್ಕೆ 40ರಷ್ಟು ಜಾಸ್ತಿ ಮಾಡಬೇಕು. ಅಷ್ಟು ಚೇರ್ ಗಂಟೆ ನಿಮ್ಮ ಹತ್ತಿರ ಇದೆಯಾ? ನಿಮ್ಮ ಬೆನ್ನು ತಡೆಯುತ್ತದಾ? ಉಲ್ಟಾ ನೋಡಿ. ಫೀಸು ನೂರಕ್ಕೆ 10 ಏರಿಸಿದರೆ ಉಳಿಕೆ 80. ಎಂಟರಲ್ಲಿ ಒಬ್ಬ ಪೇಷಂಟ್ ಬಿಟ್ಟುಹೋದರೂ ಮೊದಲಿನಷ್ಟೇ ಉಳಿಯುತ್ತದೆ, ಚೇರ್‌ನಲ್ಲೂ ಜಾಗ ಆಗುತ್ತದೆ.

ಹಾಗಂತ ಕಲ್ಲಾಗಿ ಅಂತ ಹೇಳುತ್ತಿಲ್ಲ. ಕೊಡಲಾಗದವರಿಗೆ ಬಿಡಿ, ಪೂರ್ತಿಯಾಗಿ ಬಿಡಿ. ತಿಂಗಳಿಗೆ ಇಷ್ಟು ಗಂಟೆ ಉಚಿತ ಕೆಲಸಕ್ಕೆ ಅಂತ ಮೊದಲೇ ಎತ್ತಿಡಿ. ಅದು ದಾನ, ಲೆಕ್ಕದಲ್ಲಿ ಗೌರವದಿಂದ ಕೂರುತ್ತದೆ. ನಾಲ್ಕು ಜನ ಕೇಳಿದರು ಅಂತ ನಾಚಿಕೆಗೆ ಬಿಟ್ಟ ದುಡ್ಡು ದಾನವಲ್ಲ. ಅದು ಸೋರಿಕೆ. ವರ್ಷಕ್ಕೊಮ್ಮೆ, ಗೊತ್ತಾದ ತಿಂಗಳಲ್ಲಿ, ಇಡೀ ಫೀಸಿನ ಪಟ್ಟಿ ನೋಡಿ ಸರಿಪಡಿಸಿ. ನಡುವೆ ಮುಟ್ಟಬೇಡಿ.

ಹೆಜ್ಜೆ 5: ಮಾಡಿದ ಕೆಲಸ ಬೇರೆ, ಕೈಗೆ ಬಂದ ದುಡ್ಡು ಬೇರೆ

ಈ ತಿಂಗಳು 10000 ಯೂನಿಟ್ ಕೆಲಸ ಮಾಡಿದಿರಿ, ವಸೂಲಾದದ್ದು 8800. ಲ್ಯಾಬ್‌ನವರು ಬಿಲ್ ಕಳಿಸುವುದು 10000ದ ಕೆಲಸಕ್ಕೆ. ನಡುವಿನ 1200 ಎಲ್ಲಿದೆ? "ಮುಂದಿನ ಸಲ ಕೊಡ್ತೀನಿ ಡಾಕ್ಟ್ರೇ" ಅನ್ನುವ ಮಾತಿನಲ್ಲಿ. ಲ್ಯಾಬ್ ಇರುವ ಕೆಲಸಕ್ಕೆ ಒಂದು ನಿಯಮ ಮಾಡಿ: ಅಳತೆ ತೆಗೆಯುವ ದಿನ ಅರ್ಧ, ಕೂರಿಸುವ ದಿನ ಉಳಿದದ್ದು. ಚಿಕಿತ್ಸೆ ಶುರುವಾಗುವ ಮೊದಲೇ ಬರೆದ ಅಂದಾಜು ಕೈಗೆ ಕೊಡಿ. ಬಾಕಿ ಪಟ್ಟಿಯನ್ನು ತಿಂಗಳ ಕೊನೆಗಲ್ಲ, ಪ್ರತಿ ವಾರ ನೋಡಿ. ಹಳೆಯದಾದಷ್ಟೂ ಬಾಕಿ ಗಟ್ಟಿಯಾಗುತ್ತದೆ, ಥೇಟ್ ಹಲ್ಲಿಗೆ ಕಲ್ಲಿನಂತೆ ಅಂಟುವ ಕೊಳೆ, ಕ್ಯಾಲ್ಕುಲಸ್ ಹಾಗೆ.

ದಿನದ ಕೊನೆಗೆ ಹತ್ತು ನಿಮಿಷ ಮೂರು ಕಾಗದ ಪಕ್ಕಪಕ್ಕ ಇಡಿ. ಅಪಾಯಿಂಟ್‌ಮೆಂಟ್ ಪಟ್ಟಿ, ನೀವು ಬರೆದ ಚಿಕಿತ್ಸೆಯ ದಾಖಲೆ, ರಸೀದಿಗಳು. ಪಟ್ಟಿಯಲ್ಲಿ ಹದಿನಾಲ್ಕು ಜನ, ದಾಖಲೆಯಲ್ಲಿ ಹದಿನಾಲ್ಕು ಜನ, ರಸೀದಿ ಹನ್ನೆರಡು. ಇನ್ನಿಬ್ಬರು? ಅವತ್ತೇ ಕೇಳಿದರೆ ಉತ್ತರ ಸಿಗುತ್ತದೆ. ತಿಂಗಳಾದ ಮೇಲೆ ಯಾರಿಗೂ ನೆನಪಿರುವುದಿಲ್ಲ.

ನಾನು ಇದನ್ನು ಮಾಡದೆ ಮೋಸ ಹೋದವನು. ಬಹಳ ನಂಬಿದ್ದ ಒಬ್ಬರು ನಗದು ತೆಗೆದುಕೊಂಡು, ಆಮೇಲೆ ಅದೇ ಬಿಲ್ಲನ್ನು "ಡಾಕ್ಟರ್ ರಿಯಾಯಿತಿ ಕೊಟ್ಟರು" ಅಂತ ತಿದ್ದುತ್ತಿದ್ದರು. ಎಷ್ಟು ತಿಂಗಳು ನಡೆಯಿತು ಅಂತ ಹೇಳಲು ಇವತ್ತಿಗೂ ನಾಚಿಕೆ. ತಪ್ಪು ನನ್ನದೂ ಹೌದು. ದುಡ್ಡು ತೆಗೆದುಕೊಳ್ಳುವ ಕೈಗೇ ಬಿಲ್ ತಿದ್ದುವ ಅಧಿಕಾರವನ್ನೂ ಕೊಟ್ಟಿದ್ದೆ. ಈಗ ರಿಯಾಯಿತಿ ಹಾಕಲು ನನ್ನ ಪಾಸ್‌ವರ್ಡ್ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ನಾನೇ ತೆರೆಯುತ್ತೇನೆ.

ಹೆಜ್ಜೆ 6: ಪುಸ್ತಕ ತುಂಬಿಸುವುದಲ್ಲ, ಚೇರ್ ತುಂಬಿಸುವುದು

ದಿನಕ್ಕೆ ಒಂದೇ ಒಂದು ಗಂಟೆ ಖಾಲಿ ಜಾಗ ಉಳಿಸಿಕೊಂಡರೆ ಏನಾಗುತ್ತದೆ ನೋಡಿ. 125 ಗಂಟೆ 150 ಆಗುತ್ತದೆ, ಚೇರ್ ಗಂಟೆಯ ಖರ್ಚು 48ರಿಂದ 40ಕ್ಕೆ ಇಳಿಯುತ್ತದೆ. ಮೊದಲು ನಷ್ಟದಲ್ಲಿದ್ದ ಆ ಆರ್‌ಸಿಟಿ ಫೀಸು ಏರಿಸದೆಯೇ ಲಾಭಕ್ಕೆ ತಿರುಗುತ್ತದೆ. ಹಾಗಾಗಿ ಜಾಹೀರಾತಿಗೆ ದುಡ್ಡು ಸುರಿಯುವ ಮೊದಲು ಬರಬೇಕಾದವರು ಯಾಕೆ ಬರುತ್ತಿಲ್ಲ ಅಂತ ನೋಡಿ.

ಹಿಂದಿನ ದಿನ ಮೆಸೇಜ್ ಕಳಿಸಿ, ಉತ್ತರ ಬರದಿದ್ದರೆ ಫೋನ್ ಮಾಡಿಸಿ. ಉದ್ದದ ಕೆಲಸವನ್ನು ಎರಡು ಸಲ ತಪ್ಪಿಸಿಕೊಂಡವರಿಗೆ ಮೂರನೇ ಸಲ ಬೆಳಗಿನ ಒಳ್ಳೆಯ ಸಮಯ ಕೊಡಬೇಡಿ. ಬೇಗ ಬರಲು ತಯಾರಿರುವವರ ಒಂದು ಸಣ್ಣ ಪಟ್ಟಿ ರಿಸೆಪ್ಷನ್‌ನಲ್ಲಿ ಇರಲಿ. ಯಾರಾದರೂ ಕೈಕೊಟ್ಟರೆ ಅವರಿಗೆ ಫೋನ್ ಹೋಗಲಿ. ನೋವಿನಿಂದ ಬರುವವರಿಗೆ ದಿನಕ್ಕೆ ಎರಡು ಸಣ್ಣ ಜಾಗ ಮೊದಲೇ ಬಿಡಿ, ಇಲ್ಲದಿದ್ದರೆ ಅವರು ಇಡೀ ದಿನದ ವೇಳಾಪಟ್ಟಿಯನ್ನು ಹಿಂದಕ್ಕೆ ತಳ್ಳುತ್ತಾರೆ, ಕಾದು ಕಾದು ಸಿಟ್ಟಾದವರು ಮುಂದಿನ ಸಲ ತಾವೂ ತಡವಾಗಿ ಬರುತ್ತಾರೆ. ಉದ್ದದ ಕೆಲಸ ನಿಮ್ಮ ಕೈ ಚುರುಕಾಗಿರುವ ಹೊತ್ತಿಗೆ. ನನಗದು ಬೆಳಗ್ಗೆ.

ಫೋನ್ ಎತ್ತುವವರ ಮಾತು ಒಮ್ಮೆ ಪಕ್ಕದಲ್ಲಿ ಕೂತು ಕೇಳಿ. "ಇಂಪ್ಲಾಂಟ್‌ಗೆ ಎಷ್ಟಾಗುತ್ತೆ?" ಅಂತ ಕೇಳಿದವರಿಗೆ ಒಂದು ಅಂಕಿ ಹೇಳಿ ಫೋನ್ ಇಟ್ಟರೆ ಅವರು ಮತ್ತೆ ಮಾಡುವುದಿಲ್ಲ. "ಎಷ್ಟು ದಿನದಿಂದ ಹಲ್ಲಿಲ್ಲ, ಊಟಕ್ಕೆ ತೊಂದರೆ ಆಗ್ತಿದೆಯಾ?" ಅಂತ ಒಂದು ಪ್ರಶ್ನೆ ಕೇಳಿದರೆ ಮಾತು ಮುಂದುವರಿಯುತ್ತದೆ. ಇದನ್ನು ಕಲಿಸಲು ಅರ್ಧ ದಿನ ಸಾಕು.

ರಿಕಾಲ್, ಅಂದರೆ ತಪಾಸಣೆಗೆ ಮತ್ತೆ ಕರೆಯುವುದರ ಬಗ್ಗೆ ಒಂದು ಮಾತು. ಎಲ್ಲರಿಗೂ ಆರು ತಿಂಗಳು ಅನ್ನುವುದು ಅಭ್ಯಾಸವಷ್ಟೇ. ಚಿಕಿತ್ಸೆಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2004ರಲ್ಲೇ ದೊಡ್ಡವರಿಗೆ ಅಪಾಯ ನೋಡಿ 3 ತಿಂಗಳಿಂದ 24 ತಿಂಗಳವರೆಗೆ ಅಂತರ ಇಡಬಹುದು ಅಂತ ಹೇಳಿತು. ಒಸಡು ಕೆಟ್ಟವರನ್ನು ಬೇಗ ಕರೆಯಿರಿ, ಬಾಯಿ ಚೆನ್ನಾಗಿರುವವರನ್ನು ತಡವಾಗಿ ಕರೆಯಿರಿ, ಯಾಕೆ ಅಂತ ಇಬ್ಬರಿಗೂ ಹೇಳಿ. ಚೇರ್ ಬೇಕಾದವರಿಗೆ ಸಿಗುತ್ತದೆ. "ಈ ಡಾಕ್ಟರು ಸುಮ್ನೆ ಕರೆಯಲ್ಲ" ಅನ್ನುವ ನಂಬಿಕೆ ಬಂದವರು ಕರೆದಾಗ ಬರುತ್ತಾರೆ.

ಜಾಹೀರಾತಿಗೆ ಇಷ್ಟೇ ಹೇಳುತ್ತೇನೆ. ನಿಮ್ಮ ಡೆಂಟಲ್ ಕೌನ್ಸಿಲ್ ಏನು ಒಪ್ಪುತ್ತದೆ ಅಂತ ಮೊದಲು ಓದಿ. ಪ್ರತಿ ಹೊಸ ಪೇಷಂಟ್‌ಗೆ "ನಮ್ಮ ಬಗ್ಗೆ ಹೇಗೆ ಗೊತ್ತಾಯಿತು?" ಅಂತ ಕೇಳಿ ಬರೆದಿಡಿ. ಆರು ತಿಂಗಳ ನಂತರ ಯಾವ ಖರ್ಚು ದಂಡ ಅಂತ ಆ ಹಾಳೆಯೇ ಹೇಳುತ್ತದೆ.

ಹೆಜ್ಜೆ 7: ಫೀಸು ಹೇಳಿ ಸುಮ್ಮನಾಗಿ

ಚಿಕಿತ್ಸೆ ವಿವರಿಸುವುದು ಒಂದು ಕಲೆ, ನಮ್ಮಲ್ಲಿ ಬಹಳ ಜನ ಅದನ್ನು ವೈವಾ (ಮೌಖಿಕ ಪರೀಕ್ಷೆ) ಥರ ಮಾಡುತ್ತಾರೆ. ಕನ್ನಡಿ ಕೊಡಿ, ಬಾಯೊಳಗಿನ ಫೋಟೋ ತೋರಿಸಿ, ಬಿರುಕು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಮಾಡಿದರೆ ಏನಾಗುತ್ತದೆ, ಮಾಡದಿದ್ದರೆ ಏನಾಗುತ್ತದೆ, ಬೇರೆ ದಾರಿ ಏನಿದೆ. ಅಷ್ಟು ಹೇಳಿ, ಆಮೇಲೆ ಫೀಸು ಹೇಳಿ, ಬಾಯಿ ಮುಚ್ಚಿ. ಆ ಮೌನ ತಡೆಯಲಾಗದೆ ನಾವೇ "ಇಲ್ಲ, ಸ್ವಲ್ಪ ಕಮ್ಮಿ ಮಾಡೋಣ ಬಿಡಿ" ಅಂತ ಶುರು ಮಾಡುತ್ತೇವೆ. ಅವರು ಯೋಚಿಸುತ್ತಿದ್ದದ್ದು ರಜೆ ಹೇಗೆ ಹಾಕುವುದು ಅಂತ ಇರಬಹುದು. ಪೇಷಂಟನ್ನು ಚೇರ್‌ನಲ್ಲಿ ಅಂಗಾತ ಮಲಗಿಸಿ ದುಡ್ಡಿನ ಮಾತು ಆಡಲೇಬೇಡಿ. ಎಬ್ಬಿಸಿ ಕೂರಿಸಿ, ಮುಖ ನೋಡಿ ಮಾತಾಡಿ.

ಹೆಜ್ಜೆ 8: ಕಪಾಟು

ಒಮ್ಮೆ ದೊಡ್ಡ ಆಫರ್ ಅಂತ ಕಾಂಪೋಸಿಟ್ ಕಿಟ್‌ಗಳನ್ನು ರಾಶಿ ಕೊಂಡೆ. ಜಾಸ್ತಿ ಜನರ ಹಲ್ಲಿಗೆ ಹೊಂದುವ ಎ2, ಎ3 ಬಣ್ಣಗಳು ನಾಲ್ಕು ತಿಂಗಳಲ್ಲಿ ಮುಗಿದವು. ಕಿಟ್ ಜೊತೆ ಬಂದ, ಅಪರೂಪಕ್ಕೆ ಬೇಕಾಗುವ ಗಾಢ ಬಣ್ಣದ ಸಿ4 ಸಿರಿಂಜುಗಳು ಮುಚ್ಚಳ ತೆಗೆಯದೆ ಅವಧಿ ಮುಗಿದು ಕಸದ ಬುಟ್ಟಿಗೆ ಹೋದವು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ನಮ್ಮ ಕಪಾಟಿಗೇ ಹೇಳಿದ ಗಾದೆ.

ದುಬಾರಿಯಾದ ಕೆಲವೇ ಸಾಮಾನು, ಅಂದರೆ ಇಂಪ್ಲಾಂಟ್, ಫೈಲು, ಬಾಂಡಿಂಗ್, ಹಲ್ಲಿನ ಅಚ್ಚು ತೆಗೆಯುವ ಇಂಪ್ರೆಶನ್ ಸಾಮಗ್ರಿ ಇಂಥವು, ಖರ್ಚಿನ ದೊಡ್ಡ ಪಾಲು ತಿನ್ನುತ್ತವೆ. ಅವುಗಳನ್ನು ಮಾತ್ರ ವಾರವಾರ ಎಣಿಸಿ. ಹತ್ತಿ, ಲೋಟ ಎಣಿಸುತ್ತಾ ಕೂರಬೇಡಿ. ಅವಧಿ ಬೇಗ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ. ಪ್ರತಿ ಸಾಮಾನಿನ ಕೊನೆಯ ಡಬ್ಬಿಗೆ ಕೆಂಪು ಪಟ್ಟಿ ಕಟ್ಟಿ. ಅದನ್ನು ಬಿಚ್ಚಿದವರು ಅವತ್ತೇ ಆರ್ಡರ್ ಪುಸ್ತಕದಲ್ಲಿ ಬರೆಯಬೇಕು.

ಹೆಜ್ಜೆ 9: ಮೆಷಿನ್ ಕೊಳ್ಳುವ ಮೊದಲು

ಸಮ್ಮೇಳನದ ಮಳಿಗೆಯಲ್ಲಿ ನಿಂತು ಯಾವ ಮೆಷಿನ್ನೂ ಬುಕ್ ಮಾಡಬೇಡಿ. ಅಲ್ಲಿ ಎಲ್ಲವೂ ಬೇಕು ಅನ್ನಿಸುತ್ತದೆ. ಮನೆಗೆ ಬಂದು ಲೆಕ್ಕ ಹಾಕಿ. ಅಚ್ಚಿನ ಬದಲು ಕ್ಯಾಮೆರಾದಿಂದ ಹಲ್ಲಿನ ಅಳತೆ ತೆಗೆಯುವ ಸ್ಕ್ಯಾನರ್ ಬೆಲೆ 3000 ಯೂನಿಟ್ ಅಂದುಕೊಳ್ಳಿ. ಒಂದು ಕೇಸಿಗೆ ಇಂಪ್ರೆಶನ್ ಸಾಮಗ್ರಿ 10 ಯೂನಿಟ್ ಉಳಿಯುತ್ತದೆ, ತಿಂಗಳಿಗೆ 20 ಕೇಸು, 200 ಯೂನಿಟ್. ಸಾಫ್ಟ್‌ವೇರ್ ಚಂದಾ ತಿಂಗಳಿಗೆ 40 ಕಳೆದರೆ 160. ಅಸಲು ವಾಪಸ್ ಬರಲು ಸುಮಾರು 19 ತಿಂಗಳು. ಮಾರುವವರು ಇದಕ್ಕೆ "ಕೇಸಿಗೆ ಕಾಲು ಗಂಟೆ ಉಳಿತಾಯ" ಅಂತ ಸೇರಿಸುತ್ತಾರೆ. ತಿಂಗಳಿಗೆ ಐದು ಗಂಟೆ ನಿಜ. ಆದರೆ ಆ ಐದು ಗಂಟೆಯಲ್ಲಿ ಇನ್ನೊಬ್ಬ ಪೇಷಂಟ್ ಕೂತರೆ ಮಾತ್ರ ಅದು ದುಡ್ಡು. ಚೇರ್ ಮೊದಲೇ ದಿನಕ್ಕೆ ಮೂರು ಗಂಟೆ ಖಾಲಿ ಇದ್ದರೆ ಉಳಿದ ಸಮಯವೂ ಖಾಲಿಯೇ. ನಾನು ಸ್ಕ್ಯಾನರ್ ಕೊಂಡದ್ದು ನೋಟ್‌ಬುಕ್‌ನಲ್ಲಿ ದಿನಕ್ಕೆ ಏಳು ಗಂಟೆ ತುಂಬಿದ ಮೇಲೆ.

ಮೂರು ತಿಂಗಳ ಸ್ಥಿರ ಖರ್ಚಿನಷ್ಟು ದುಡ್ಡು ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟ ಮೇಲೆಯೇ ಹೊಸ ಸಾಲ. ನಮ್ಮ ದುಡಿಮೆ ನಮ್ಮ ಕೈ, ಬೆನ್ನು, ಕಣ್ಣಿನ ಮೇಲೆ ನಿಂತಿದೆ. ಮಣಿಕಟ್ಟು ಉಳುಕಿ ಆರು ವಾರ ಕೂತರೂ ಬಾಡಿಗೆ ನಿಲ್ಲುವುದಿಲ್ಲ.

ಹೆಜ್ಜೆ 10: ಅಸೋಸಿಯೇಟ್ ಮತ್ತು ಸಿಬ್ಬಂದಿ

ಅಸೋಸಿಯೇಟ್‌ಗೆ "ನೂರಕ್ಕೆ ನಲವತ್ತು" ಅಂತ ಕೈಕುಲುಕಿ ಶುರು ಮಾಡುತ್ತೇವೆ. ಯಾವುದರ ಮೇಲೆ ನಲವತ್ತು? ಫೀಸು 100, ಲ್ಯಾಬ್ 20, ಸಾಮಾನು 10 ಅಂದುಕೊಳ್ಳಿ. ಪೂರ್ತಿ ಫೀಸಿನ ಮೇಲಾದರೆ ಅವರಿಗೆ 40, ಚೇರ್‌ಗೆ 30. ಲ್ಯಾಬ್ ಕಳೆದ ಮೇಲಾದರೆ ಅವರಿಗೆ 32, ಚೇರ್‌ಗೆ 38. ಜಗಳವೆಲ್ಲ ಈ ಎಂಟು ಯೂನಿಟ್‌ನಲ್ಲೇ ಹುಟ್ಟುವುದು. ಬಿಲ್ ಮಾಡಿದ್ದರ ಮೇಲೋ ವಸೂಲಾದದ್ದರ ಮೇಲೋ, ಕ್ರೌನ್ ಕೆಟ್ಟು ಮತ್ತೆ ಮಾಡಿದರೆ ಲ್ಯಾಬ್ ಖರ್ಚು ಯಾರದ್ದು, ಅವರು ಬಿಟ್ಟುಹೋದ ಮೇಲೆ ಅರ್ಧವಾದ ಕೇಸು ಯಾರು ಮುಗಿಸಬೇಕು, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ. ಗೆಳೆಯರಾದರೆ ಇನ್ನೂ ಜಾಸ್ತಿ ವಿವರವಾಗಿ ಬರೆಯಿರಿ.

ಒಳ್ಳೆಯ ಅಸಿಸ್ಟೆಂಟ್ ಬಿಟ್ಟುಹೋದರೆ ಆಗುವ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಹೊಸಬರು ಕೈಗೆ ಹೊಂದುವವರೆಗೆ ಪ್ರತಿ ಕೆಲಸವೂ ಹತ್ತು ನಿಮಿಷ ಉದ್ದವಾಗುತ್ತದೆ. ಚೇರ್ ಗಂಟೆಯ ಖರ್ಚಿನಿಂದ ಗುಣಿಸಿ ನೋಡಿ, ಸಂಬಳ ಏರಿಸಿ ಉಳಿಸಿಕೊಳ್ಳುವುದೇ ಅಗ್ಗ. ಯಾವ ಕೆಲಸಕ್ಕೆ ಯಾವ ಟ್ರೇ ಅಂತ ಫೋಟೋ ತೆಗೆದು ಸ್ಟೆರಿಲೈಸೇಶನ್ ಕೋಣೆಯ ಗೋಡೆಗೆ ಅಂಟಿಸಿ. ಉದ್ದದ ನಿಯಮ ಪುಸ್ತಕ ಯಾರೂ ಓದುವುದಿಲ್ಲ.

ಎಲ್ಲಿ ಕಲಿಯುವುದು, ಯಾವ ಕ್ರಮದಲ್ಲಿ

ಎಂಬಿಎ ಬೇಕಾ ಅಂತ ಕೇಳುತ್ತಾರೆ. ಒಂದೆರಡು ಚೇರ್‌ನ ಕ್ಲಿನಿಕ್‌ಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಹಲವು ಶಾಖೆ ಮಾಡುವ ಆಸೆ ಇದ್ದರೆ ಆ ಮಾತು ಬೇರೆ. ಎರಡು ದಿನದಲ್ಲಿ ಆದಾಯ ದುಪ್ಪಟ್ಟು ಮಾಡುತ್ತೇವೆ ಅನ್ನುವ ಶಿಬಿರಗಳಿಗೆ ಹೋಗುವುದಾದರೆ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ: ಇವರು ಕಲಿಸುವುದು ಲೆಕ್ಕವನ್ನೋ, ಪೇಷಂಟ್‌ಗೆ ಬೇಡದ್ದನ್ನು ಮಾರುವುದನ್ನೋ? ಮೊದಲ ಅರ್ಧ ಗಂಟೆಯಲ್ಲೇ ಗೊತ್ತಾಗುತ್ತದೆ.

ನಿಜವಾಗಿ ಬೇಕಾಗಿರುವುದು ಮೂರು ವಿದ್ಯೆ. ಲಾಭ–ನಷ್ಟದ ಪಟ್ಟಿ ಓದುವುದು, ಸ್ಪ್ರೆಡ್‌ಶೀಟ್‌ನಲ್ಲಿ ಕೂಡಿ ಭಾಗಿಸುವುದು, ಜನರ ಹತ್ತಿರ ಕಷ್ಟದ ಮಾತು ಆಡುವುದು. ಮೊದಲನೆಯದಕ್ಕೆ ನಿಮ್ಮ ಅಕೌಂಟೆಂಟ್ ಸಾಕು. ವರ್ಷಕ್ಕೊಮ್ಮೆ ಸಹಿಗೆ ಹೋಗುವ ಬದಲು ಮೂರು ತಿಂಗಳಿಗೊಮ್ಮೆ ಒಂದು ಗಂಟೆಗೆ ದುಡ್ಡು ಕೊಟ್ಟು ಕೂರಿ, ಪ್ರತಿ ಸಾಲಿನ ಮೇಲೆ ಬೆರಳಿಟ್ಟು "ಇದೇನು, ಹೋದ ಸಲಕ್ಕಿಂತ ಯಾಕೆ ಜಾಸ್ತಿ" ಅಂತ ಕೇಳಿ. ಎರಡನೆಯದು ಅಂತರ್ಜಾಲದ ಉಚಿತ ಪಾಠಗಳಲ್ಲಿ ಸಿಗುತ್ತದೆ. ಮೂರನೆಯದಕ್ಕೆ ನಿಮ್ಮ ಹಾಗೇ ಕ್ಲಿನಿಕ್ ನಡೆಸುವ, ಆದರೆ ನಿಮ್ಮ ಜೊತೆ ಪೈಪೋಟಿ ಇಲ್ಲದ ಮೂರ್ನಾಲ್ಕು ಜನರ ಗುಂಪು ಕಟ್ಟಿಕೊಳ್ಳಿ. ತಿಂಗಳಿಗೊಮ್ಮೆ ಅಂಕಿ ತಂದು ಮೇಜಿನ ಮೇಲಿಡಿ. ನಮ್ಮ ಗುಂಪಿನಲ್ಲಿ ಒಂದೇ ನಿಯಮ, ಒಟ್ಟು ಆದಾಯ ಹೇಳಿ ಮೆರೆಯುವಂತಿಲ್ಲ, ಗಂಟೆಯ ಉಳಿಕೆ ಮಾತ್ರ ಹೇಳಬೇಕು.

ಮೊದಲ ತಿಂಗಳು ಖಾತೆ ಬೇರೆ ಮಾಡಿ ಗಡಿಯಾರದ ನೋಟ್‌ಬುಕ್ ಬರೆಯಿರಿ. ಎರಡನೇ ತಿಂಗಳು ಚೇರ್ ಗಂಟೆಯ ಖರ್ಚು, ಮತ್ತು ನೀವು ಅತಿ ಹೆಚ್ಚು ಮಾಡುವ ಐದು ಕೆಲಸಗಳ ಲೆಕ್ಕ. ಐದೇ ಸಾಕು, ಐವತ್ತು ಬೇಡ. ಮೂರನೇ ತಿಂಗಳು ಸಂಜೆಯ ಮೂರು ಕಾಗದ ಮತ್ತು ಬಾಕಿ ವಸೂಲಿ. ಫೀಸಿನ ಪಟ್ಟಿ ಮುಟ್ಟುವುದು ಅದಾದ ಮೇಲೆ. ನೋಟ್‌ಬುಕ್‌ಗೆ ಪೆನ್ನನ್ನೂ ದಾರದಲ್ಲಿ ಕಟ್ಟಿ, ಇಲ್ಲದಿದ್ದರೆ ಎರಡನೇ ದಿನಕ್ಕೇ ಅದು ಯಾರದ್ದೋ ಏಪ್ರನ್ ಜೇಬು ಸೇರಿರುತ್ತದೆ.